ಜೇನ್ ಆಡಮ್ಸ್

ಬಡವರ ಕಷ್ಟವನ್ನು ಕಂಡು ಮರುಗುವವರು ಎಲ್ಲ ಕಾಲಗಳಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಸಿದವರಿಗೆ ಅನ್ನವಿಕ್ಕುವುದು, ರೋಗಿಗಳಿಗೆ ಶುಶ್ರೂಷೆ ಮಾಡುವುದು ದೊಡ್ಡ ಪುಣ್ಯಕಾರ್ಯವೆಂದು ಎಲ್ಲ ಧರ್ಮಗಳೂ ಸಾರುತ್ತವೆ. ಆದರೆ ಆ ಹಸಿವಿಗೂ ರೋಗಕ್ಕೂ ಕಾರಣವೇನೆಂದು ವಿಚಾರಿಸಿ, ಅದನ್ನು ಬೇರುಸಹಿತ ಕೀಳುವುದಕ್ಕಾಗಿ ನೆರೆಹೊರೆಯವರನ್ನು ಒಗ್ಗೂಡಿಸಿ, ನಗರಸಭೆಯ ಬಾಗಿಲನ್ನೂ ಶಾಸನಸಭೆಯ ಬಾಗಿಲನ್ನೂ ತಟ್ಟಿದವರು ವಿರಳ. ಅಮೆರಿಕದ ಚಿಕಾಗೋ ನಗರದಲ್ಲಿ ಬಾಳಿದ ಜೇನ್ ಆಡಮ್ಸ್ ಅಂಥ ವಿರಳ ವ್ಯಕ್ತಿಗಳಲ್ಲಿ ಒಬ್ಬಳು.

ಜೇನ್ 1860ನೆಯ ಇಸವಿ ಸೆಪ್ಟೆಂಬರ್ 6ರಂದು ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ ಜನಿಸಿದಳು. ಅವಳ ತಂದೆ ಜಾನ್ ಆಡಮ್ಸ್ ಹಿಟ್ಟಿನ ಗಿರಣಿಯೊಂದರ ಒಡೆಯ. ಆತನು ಹದಿನಾರು ವರ್ಷಗಳ ಕಾಲ ರಾಜ್ಯದ ಸೆನೆಟ್ ಸಭೆಯ ಸದಸ್ಯನಾಗಿದ್ದನು. ಅಬ್ರಹಾಂ ಲಿಂಕನ್ನನ ಸ್ನೇಹಿತನೂ ಆಗಿದ್ದನು. ಅವನ ಪ್ರಾಮಾಣಿಕತೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಲಂಚದ ಮಾತನ್ನು ಅವನೆದುರು ಎತ್ತಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ. ಜೇನ್ ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ನಾಲ್ಕನೆಯ ವಯಸ್ಸಿನಲ್ಲಿ ಕ್ಷಯರೋಗ ತಗುಲಿ ಮಗುವಿನ ಬೆನ್ನುಮೂಳೆ ಬಾಗಿತು. ತಾಯಿಯಿಲ್ಲದ ಆ ಹುಡುಗಿಗೆ ತಂದೆಯೇ ಸರ್ವಸ್ವವಾದನು.

ಏಳು ವರ್ಷ ತುಂಬುವ ಮೊದಲೇ ನಡೆದ ಒಂದು ಸಂಗತಿ ಅವಳ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ತಂದೆಯೊಡನೆ ಹತ್ತಿರದ ಪಟ್ಟಣಕ್ಕೆ ಹೋಗಿದ್ದಾಗ ಗಿರಣಿಯ ಪಕ್ಕದಲ್ಲಿ ಬಡವರು ವಾಸಿಸುವ ಕೇರಿಯೊಂದನ್ನು ಅವಳು ಮೊದಲ ಬಾರಿಗೆ ಕಂಡಳು. ಒಂದಕ್ಕೊಂದು ಅಂಟಿಕೊಂಡ ಅಷ್ಟು ಚಿಕ್ಕ, ಅಷ್ಟು ಕೊಳಕು ಮನೆಗಳಲ್ಲಿ ಜನರೇಕೆ ವಾಸಿಸುತ್ತಾರೆಂದು ತಂದೆಯನ್ನು ಕೇಳಿದಳು. ದೊಡ್ಡವಳಾದ ಮೇಲೆ ತಾನೊಂದು ದೊಡ್ಡ ಮನೆಯಲ್ಲಿ ವಾಸಿಸುವೆನೆಂದೂ, ಆದರೆ ಆ ಮನೆ ಸಿರಿವಂತರ ಮನೆಗಳ ನಡುವೆ ಇರದೆ ಇಂಥ ಗುಡಿಸಲುಗಳ ನಡುವೆಯೇ ಇರುವುದೆಂದೂ ಹೇಳಿದಳು. ಮುಂದೆ ಆಕೆಯ ಬಾಳು ಹಾಗೆಯೇ ನಡೆಯಿತು.

ರಾಕ್‌ಫರ್ಡ್ ಎಂಬಲ್ಲಿದ್ದ ಮಹಿಳಾ ವಿದ್ಯಾಲಯದಲ್ಲಿ ಜೇನ್ ವ್ಯಾಸಂಗ ಮಾಡಿ 1881ರಲ್ಲಿ ಶಿಕ್ಷಣವನ್ನು ಮುಗಿಸಿದಳು. ವೈದ್ಯಳಾಗಿ ಬಡವರ ಸೇವೆ ಮಾಡಬೇಕೆಂಬುದು ಅವಳ ಹಂಬಲ. ಆದರೆ ಅದೇ ವರ್ಷ ತಂದೆ ಹಠಾತ್ತನೆ ನಿಧನ ಹೊಂದಿದನು. ವೈದ್ಯಕೀಯ ಕಾಲೇಜಿಗೆ ಸೇರಿದರೂ ಬೆನ್ನಿನ ಬೇನೆ ಉಲ್ಬಣಿಸಿ ಅವಳು ಓದನ್ನು ಕೈಬಿಡಬೇಕಾಯಿತು. ವಿದ್ಯೆಯಿತ್ತು, ಹಣವಿತ್ತು, ಸದುದ್ದೇಶವಿತ್ತು. ಏನು ಮಾಡಬೇಕೆಂಬುದು ಮಾತ್ರ ತಿಳಿಯದಾಗಿತ್ತು. ಹೀಗೆ ದಾರಿ ಕಾಣದೆ ಎಂಟು ವರ್ಷಗಳು ಕಳೆದವು.

ಈ ಅವಧಿಯಲ್ಲಿ ಆಕೆ ಎರಡು ಬಾರಿ ಯೂರೋಪಿನ ಪ್ರವಾಸ ಮಾಡಿದಳು. 1883ರಲ್ಲಿ ಲಂಡನ್ ನಗರದ ಪೂರ್ವಭಾಗದಲ್ಲಿ ಒಂದು ಶನಿವಾರ ರಾತ್ರಿ ಆಕೆ ಕಂಡ ದೃಶ್ಯ ಕರುಳು ಹಿಂಡುವಂತಿತ್ತು. ಮಾರಾಟವಾಗದೆ ಉಳಿದು ಕೊಳೆಯತೊಡಗಿದ್ದ ತರಕಾರಿಯನ್ನು ಅಲ್ಲಿ ಹರಾಜು ಹಾಕುತ್ತಿದ್ದರು. ಅದನ್ನು ಕೊಳ್ಳಲು ಬಡಜನರ ನೂರಾರು ಕೈಗಳು ಒಮ್ಮೆಲೇ ಮೇಲಕ್ಕೆ ಚಾಚುತ್ತಿದ್ದವು. 1888ರಲ್ಲಿ ಅದೇ ಪ್ರದೇಶದಲ್ಲಿದ್ದ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ಅವಳು ಸಂದರ್ಶಿಸಿದಳು. ವಿಶ್ವವಿದ್ಯಾನಿಲಯಗಳಲ್ಲಿ ಓದಿದ ತರುಣರು ಬಡವರ ಕೇರಿಯಲ್ಲಿಯೇ ನೆಲೆಸಿ, ಅವರ ನೆರೆಯವರಾಗಿ ಬಾಳುತ್ತಿದ್ದ ತಾಣವದು. ಜೇನಳಿಗೆ ತನ್ನ ದಾರಿ ಅಲ್ಲಿ ಗೋಚರಿಸಿತು.

ಆ ಕಾಲದಲ್ಲಿ ಚಿಕಾಗೋ ಅತಿ ವೇಗದಿಂದ ಬೆಳೆಯುತ್ತಿದ್ದ ನಗರ. 1880ರಲ್ಲಿ ಸುಮಾರು ಐದು ಲಕ್ಷವಿದ್ದ ಅದರ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಹತ್ತು ಲಕ್ಷವನ್ನು ಮೀರಿತು. ಇಟಲಿ, ಜರ್ಮನಿ, ಪೋಲೆಂಡ್, ರಷ್ಯ, ಐರ್ಲೆಂಡ್ ಮುಂತಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಜನ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಇಂಥವರು ಕಿಕ್ಕಿರಿದಿದ್ದ ಹತ್ತೊಂಬತ್ತನೆಯ ವಾರ್ಡಿನ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಎಂಬಾತನು ಹಿಂದೆ ಕಟ್ಟಿಸಿದ್ದ ಒಂದು ಹಳೆಯ ಮನೆಯಿತ್ತು. ಜೇನ್ ತನ್ನ ಸಹಪಾಠಿ ಎಲೆನ್ ಸ್ಟಾರ್ ಜೊತೆಗೂಡಿ 1889ರ ಸೆಪ್ಟೆಂಬರ್ 18ರಂದು ಆ ಮನೆಯಲ್ಲಿ ವಾಸ್ತವ್ಯ ಹೂಡಿದಳು. ಆಗ ಆಕೆಗೆ ಇಪ್ಪತ್ತೊಂಬತ್ತು ವರ್ಷ. ಅದೇ ಮುಂದೆ ಜಗತ್ಪ್ರಸಿದ್ಧವಾದ ಹಲ್ ಹೌಸ್.

ನೆರೆಯವರಿಗೆ ಏನು ಬೇಕೆಂಬುದನ್ನು ಆ ಗೆಳತಿಯರು ಮೊದಲೇ ನಿಶ್ಚಯಿಸಿಕೊಂಡು ಬಂದಿರಲಿಲ್ಲ, ನೆರೆಯವರಿಂದಲೇ ಅರಿತರು. ಆ ಕೇರಿಯಲ್ಲಿ ಅಂಗವಿಕಲರಾದ ಮೂವರು ಮಕ್ಕಳನ್ನು ಅವರು ಕಂಡರು. ತಾಯಂದಿರು ದುಡಿಯಲು ಹೋಗಿದ್ದಾಗ ಒಂದು ಮಗು ಮಹಡಿಯ ಕಿಟಕಿಯಿಂದ ಬಿದ್ದಿತ್ತು, ಇನ್ನೊಂದಕ್ಕೆ ಸುಟ್ಟಗಾಯವಾಗಿತ್ತು, ಮತ್ತೊಂದನ್ನು ದಿನವಿಡೀ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕಿ ಅದರ ಬೆನ್ನು ಬಾಗಿಹೋಗಿತ್ತು. ಇದನ್ನು ಕಂಡ ಮೇಲೆ ಹಲ್ ಹೌಸಿನಲ್ಲಿ ಶಿಶುವಿಹಾರವೂ ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಆರಂಭವಾದವು. ರಾತ್ರಿ ತರಗತಿಗಳು, ವಾಚನಾಲಯ, ಸ್ನಾನಗೃಹಗಳು, ಆಟದ ಬಯಲು, ದುಡಿಯುವ ಹೆಣ್ಣುಮಕ್ಕಳಿಗೆ ವಸತಿ ಒಂದೊಂದಾಗಿ ತಲೆಯೆತ್ತಿದವು. ಒಂದೇ ಮನೆಯಿದ್ದುದು ಕಾಲಕ್ರಮದಲ್ಲಿ ಹದಿಮೂರು ಕಟ್ಟಡಗಳ ಸಮುಚ್ಚಯವಾಯಿತು.

ಆದರೆ ಇಷ್ಟರಿಂದಲೇ ಕಷ್ಟ ತೀರದೆಂಬುದು ಜೇನಳಿಗೆ ಬೇಗನೆ ಮನವರಿಕೆಯಾಯಿತು. ಮೊದಲ ಕ್ರಿಸ್‌ಮಸ್ ಹಬ್ಬದ ದಿನ ಹಲ್ ಹೌಸಿಗೆ ಬಂದ ಕೆಲವು ಬಾಲಕಿಯರಿಗೆ ಮಿಠಾಯಿ ಕೊಟ್ಟರೆ ಅವರು ಅದನ್ನು ಮುಟ್ಟಲಿಲ್ಲ. ವಿಚಾರಿಸಿದಾಗ, ಆ ಎಳೆಯರು ಮಿಠಾಯಿಯ ಕಾರ್ಖಾನೆಯಲ್ಲಿ ಆರು ವಾರಗಳಿಂದ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದರೆಂದೂ, ಮಿಠಾಯಿಯನ್ನು ಕಂಡರೇ ಅವರಿಗೆ ಓಕರಿಕೆಯೆಂದೂ ತಿಳಿಯಿತು. ಅದೇ ಚಳಿಗಾಲದಲ್ಲಿ ಹಲ್ ಹೌಸಿನ ಸಂಘಕ್ಕೆ ಬರುತ್ತಿದ್ದ ಮೂವರು ಹುಡುಗರು ಒಂದೇ ಕಾರ್ಖಾನೆಯ ಒಂದೇ ಯಂತ್ರಕ್ಕೆ ಸಿಕ್ಕಿ ಗಾಯಗೊಂಡರು. ಅವರಲ್ಲೊಬ್ಬನು ಸತ್ತೇಹೋದನು. ಕೆಲವೇ ಡಾಲರುಗಳ ವೆಚ್ಚದಲ್ಲಿ ಆ ಯಂತ್ರಕ್ಕೊಂದು ರಕ್ಷಣೆಯ ತಡೆ ಹಾಕಿಸಿದ್ದರೆ ಆ ಜೀವ ಉಳಿಯುತ್ತಿತ್ತು. ಆದರೆ ಹಾಗೆ ಹಾಕಿಸಲೇಬೇಕೆಂದು ಮಾಲೀಕರನ್ನು ಕಟ್ಟುಪಡಿಸುವ ಕಾನೂನು ಇರಲಿಲ್ಲ. ಮಕ್ಕಳಿಗೆ ಬೇಕಾದುದು ಮಿಠಾಯಿಗಿಂತ ಮೊದಲು ಕಾನೂನಿನ ಆಸರೆಯೆಂದು ಜೇನ್ ಅರಿತಳು.

ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಆದ ಶಾಸನಸಭೆಯುಂಟು. ಅದರ ಮನವೊಲಿಸಬೇಕಾದರೆ ಬರಿಯ ಮರುಕ ಸಾಲದು. ನಿಖರವಾದ ಮಾಹಿತಿ ಬೇಕು, ಜನಬೆಂಬಲ ಬೇಕು. 1891ರ ಕೊನೆಯಲ್ಲಿ ಹಲ್ ಹೌಸಿಗೆ ಬಂದು ನೆಲೆಸಿದ ಫ್ಲಾರೆನ್ಸ್ ಕೆಲ್ಲಿ ಎಂಬ ಧೀರ ಮಹಿಳೆ ಮಾಹಿತಿ ಸಂಗ್ರಹದ ಹೊಣೆ ಹೊತ್ತಳು. ಗುತ್ತಿಗೆಯ ಮೇಲೆ ಬಟ್ಟೆ ಹೊಲಿಯುವ ಇಕ್ಕಟ್ಟಾದ ಮನೆಗಳನ್ನು ಒಂದೊಂದಾಗಿ ಹೊಕ್ಕು, ಅಲ್ಲಿ ದುಡಿಯುವವರ ವಯಸ್ಸು, ಕೂಲಿ, ದುಡಿಮೆಯ ಅವಧಿ ಎಲ್ಲವನ್ನೂ ಬರೆದುಕೊಂಡಳು. ರಾಜ್ಯದ ಶಾಸನಸಭೆಯ ಸಮಿತಿಯೊಂದು ಈ ಸ್ಥಿತಿಯನ್ನು ಕಣ್ಣಾರೆ ನೋಡಲು ಚಿಕಾಗೋ ನಗರಕ್ಕೆ ಬಂದಿತು. ಇತ್ತ ಜೇನ್ ಮತ್ತು ಸಂಗಡಿಗರು ಮೂರು ತಿಂಗಳ ಕಾಲ ಪ್ರತಿ ಸಂಜೆಯೂ ಕಾರ್ಮಿಕ ಸಂಘಗಳಲ್ಲಿ, ಚರ್ಚುಗಳಲ್ಲಿ, ಮಹಿಳಾ ಸಮಾಜಗಳಲ್ಲಿ ಸಭೆ ಸೇರಿಸಿ ವಿಷಯವನ್ನು ವಿವರಿಸಿದರು.

ವಿರೋಧ ಎರಡು ಕಡೆಗಳಿಂದ ಬಂದಿತು. ಮಕ್ಕಳ ಕೂಲಿಯನ್ನು ನೆಚ್ಚಿಕೊಂಡಿದ್ದ ಬಡ ತಂದೆತಾಯಿಗಳೇ ಕಾನೂನು ಬೇಡವೆಂದರು. ಅವರ ಅಳಲು ಸುಳ್ಳಲ್ಲವೆಂಬುದು ಜೇನಳಿಗೆ ಗೊತ್ತಿತ್ತು. ಆದಕಾರಣ ಅವರೊಡನೆ ತಾಳ್ಮೆಯಿಂದ ಮಾತಾಡಬೇಕಾಯಿತು. ಕಾರ್ಖಾನೆಯ ಮಾಲೀಕರ ರೀತಿಯೇ ಬೇರೆ. ಈ ಕಾನೂನಿನ ಗೊಡವೆಯನ್ನು ಬಿಟ್ಟರೆ ಎರಡು ವರ್ಷಗಳಲ್ಲಿ ಹಲ್ ಹೌಸಿಗೆ 50,000 ಡಾಲರುಗಳ ದೇಣಿಗೆ ದೊರೆಯುವುದೆಂಬ ಸೂಚನೆ ಅವರ ಕಡೆಯಿಂದ ಬಂದಿತು. ಹಣದ ಅಗತ್ಯವೇನೋ ಬಹಳವಾಗಿತ್ತು. ಆದರೆ ಜೇನಳಿಗೆ ತಂದೆಯ ನೆನಪಾಯಿತು. ತಂದೆಯೆದುರು ಯಾರೂ ಆಡಲು ಅಂಜುತ್ತಿದ್ದ ಮಾತನ್ನು ತನ್ನೆದುರು ಆಡಿದರಲ್ಲಾ ಎಂದು ಆಕೆ ನಾಚಿದಳು. ಆ ದೇಣಿಗೆಯನ್ನು ಖಂಡತುಂಡವಾಗಿ ನಿರಾಕರಿಸಿದಳು.

1893ರಲ್ಲಿ ಇಲಿನಾಯ್ ರಾಜ್ಯದ ಕಾರ್ಖಾನೆ ಕಾನೂನು ಜಾರಿಗೆ ಬಂದಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸುವುದು ನಿಷಿದ್ಧವಾಯಿತು; ಹೆಂಗಸರ ದುಡಿಮೆಗೆ ದಿನಕ್ಕೆ ಎಂಟು ಗಂಟೆಗಳ ಮಿತಿ ಬಂದಿತು. ರಾಜ್ಯದ ಗವರ್ನರನು ಕೆಲ್ಲಿಯನ್ನೇ ಮುಖ್ಯ ತನಿಖಾಧಿಕಾರಿಯಾಗಿ ನೇಮಿಸಿದನು. ಆದರೆ ಎರಡೇ ವರ್ಷಗಳಲ್ಲಿ, 1895ರಲ್ಲಿ, ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಎಂಟು ಗಂಟೆಗಳ ನಿಯಮವನ್ನು ಅಸಿಂಧುವೆಂದು ತೀರ್ಪಿತ್ತಿತು. ಕಷ್ಟಪಟ್ಟು ಕಟ್ಟಿದ ಗೋಡೆಯ ಅರ್ಧ ಕುಸಿದಂತಾಯಿತು. ಜೇನ್ ಎದೆಗುಂದಲಿಲ್ಲ. ಅದೇ ವರ್ಷ ಹಲ್ ಹೌಸಿನವರು ತಮ್ಮ ಸುತ್ತಲಿನ ಮನೆಮನೆಗಳ ಕೂಲಿಯನ್ನೂ ಜನರ ಮೂಲದೇಶವನ್ನೂ ಬಣ್ಣಬಣ್ಣಗಳಲ್ಲಿ ಗುರುತಿಸಿದ ನಕ್ಷೆಗಳ ಗ್ರಂಥವೊಂದನ್ನು ಪ್ರಕಟಿಸಿದರು. ಹೋರಾಟ ಮುಂದುವರಿಯಿತು. 1909ರಲ್ಲಿ ಹೆಂಗಸರ ದುಡಿಮೆಗೆ ಹತ್ತು ಗಂಟೆಗಳ ಮಿತಿ ಹಾಕುವ ಕಾನೂನು ಬಂದಿತು. ಈ ಬಾರಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ರಾಜ್ಯದ ಮಟ್ಟದಲ್ಲಿ ಇದು ನಡೆದರೆ, ಮನೆಯ ಬಾಗಿಲಲ್ಲೇ ಇನ್ನೊಂದು ಸಮಸ್ಯೆಯಿತ್ತು. ಅದು ಕಸದ ಸಮಸ್ಯೆ. ಬೀದಿಗಳಲ್ಲಿ ನೆಲಕ್ಕೆ ಬಿಗಿದಿದ್ದ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು ಕೊಳೆತ ಕಸದಿಂದ ತುಂಬಿ ತುಳುಕುತ್ತಿದ್ದವು. ಅವುಗಳ ಸುತ್ತಲೇ ಮಕ್ಕಳು ಆಡುತ್ತಿದ್ದರು. ಕಸ ಸಾಗಿಸುವ ಗುತ್ತಿಗೆದಾರನು ಹಣ ಪಡೆಯುತ್ತಿದ್ದನೇ ಹೊರತು ಕೆಲಸ ಮಾಡುತ್ತಿರಲಿಲ್ಲ. ಆ ವಾರ್ಡಿನ ಮರಣ ಪ್ರಮಾಣ ಇಡೀ ನಗರದಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಹಲ್ ಹೌಸಿನ ಮಹಿಳಾ ಸಂಘದ ಹೆಂಗಸರು ಈ ಕೆಲಸವನ್ನು ಕೈಗೆತ್ತಿಕೊಂಡರು. ದಿನವೆಲ್ಲ ಬಟ್ಟೆ ಒಗೆದು, ರಾತ್ರಿಯ ಅಡುಗೆ ಮುಗಿಸಿ, ಮನೆಯ ಮುಂದೆ ತುಸು ದಣಿವಾರಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಅವರು ನಾರುವ ಓಣಿಗಳನ್ನು ಸುತ್ತಿದರು. ಎಲ್ಲೆಲ್ಲಿ ಕಸ ಬಿದ್ದಿದೆಯೆಂದು ಬರೆದುಕೊಂಡರು. ಒಂದು ಬೇಸಗೆಯ ಎರಡೇ ತಿಂಗಳಲ್ಲಿ ಅವರು ನಗರದ ಆರೋಗ್ಯ ಇಲಾಖೆಗೆ ಸಲ್ಲಿಸಿದ ದೂರುಗಳು 1,037. ಕರ್ತವ್ಯಲೋಪಕ್ಕಾಗಿ ಮೂವರು ತನಿಖಾಧಿಕಾರಿಗಳು ಒಬ್ಬರ ಹಿಂದೊಬ್ಬರಂತೆ ವರ್ಗವಾದರು. ಆದರೂ ಕಸ ಕದಲಲಿಲ್ಲ.

ಕೊನೆಗೆ ಜೇನ್ ತಾನೇ ಕಸದ ಗುತ್ತಿಗೆಗೆ ಟೆಂಡರು ಸಲ್ಲಿಸಿದಳು. ಅದು ತಾಂತ್ರಿಕ ಕಾರಣದಿಂದ ತಿರಸ್ಕೃತವಾಯಿತು. ಆದರೆ ವಿಷಯ ಊರೆಲ್ಲ ಹಬ್ಬಿ, 1895ರಲ್ಲಿ ಮೇಯರನು ಆಕೆಯನ್ನು ಆ ವಾರ್ಡಿನ ಕಸದ ತನಿಖಾಧಿಕಾರಿಯಾಗಿ ನೇಮಿಸಿದನು. ಬೆಳಗಿನ ಆರು ಗಂಟೆಗೆದ್ದು ಆಕೆ ಕಸದ ಗಾಡಿಗಳ ಹಿಂದೆ ಹೋಗುವಳು. ಕಸ ಸರಿಯಾದ ಸ್ಥಳಕ್ಕೆ ತಲಪುವವರೆಗೆ ಬಿಡುತ್ತಿರಲಿಲ್ಲ. ಒಂಬತ್ತು ಗಾಡಿಗಳಿದ್ದುವು ಹದಿಮೂರಾಗಿ, ಬಳಿಕ ಹದಿನೇಳಾದವು. ಹೆಂಗಸಿಗೆ ಇಂಥ ಕೆಲಸ ತಕ್ಕುದೇ ಎಂದು ನೆರೆಹೊರೆಯ ಕೆಲವು ಸ್ತ್ರೀಯರು ಮೂಗಿನ ಮೇಲೆ ಬೆರಳಿಟ್ಟರು. ಕಾಯಿಲೆ ಬಿದ್ದವರ ಆರೈಕೆ ಹೆಂಗಸಿನ ಧರ್ಮವಾದರೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದೂ ಅವಳ ಧರ್ಮವೇ ಎಂಬುದು ಅವರಿಗೆ ದೊರೆತ ಸಮಾಧಾನ. ಒಂದು ಕಿರಿದಾದ ಓಣಿಯಲ್ಲಿ ಹದಿನೆಂಟು ಅಂಗುಲ ಕಸವನ್ನು ತೆಗೆಸಿದಾಗ ಅಡಿಯಲ್ಲಿ ಕಲ್ಲುಹಾಸಿನ ರಸ್ತೆ ಕಾಣಿಸಿತು! ವಾರ್ಡಿನ ಮರಣ ಪ್ರಮಾಣ ಮೂರನೆಯ ಸ್ಥಾನದಿಂದ ಏಳನೆಯ ಸ್ಥಾನಕ್ಕೆ ಇಳಿಯಿತು.

ಎಲ್ಲ ಪ್ರಯತ್ನಗಳೂ ಫಲಿಸಿದವೆಂದಲ್ಲ. ಆ ವಾರ್ಡಿನ ನಗರಸಭಾ ಸದಸ್ಯ ಜಾನ್ ಪವರ್ಸ್ ಭ್ರಷ್ಟನೆಂದು ಹೆಸರಾಗಿದ್ದವನು. ಅವನನ್ನು ಸೋಲಿಸಲು 1896ರಲ್ಲಿಯೂ 1898ರಲ್ಲಿಯೂ ಹಲ್ ಹೌಸಿನವರು ಶ್ರಮಿಸಿ ವಿಫಲರಾದರು. ಅವನು ಸತ್ತವರ ಮನೆಗೆ ಹೋಗಿ ಅಂತ್ಯಕ್ರಿಯೆಯ ಖರ್ಚು ಕೊಡುತ್ತಿದ್ದನು, ನಿರುದ್ಯೋಗಿಗಳಿಗೆ ನೌಕರಿ ಕೊಡಿಸುತ್ತಿದ್ದನು. ಬಡವರು ಅವನನ್ನು ಆಪ್ತನೆಂದು ತಿಳಿದುದರಲ್ಲಿ ಆಶ್ಚರ್ಯವಿರಲಿಲ್ಲ. ಸೋತ ಜೇನ್ ಮತದಾರರನ್ನು ಹಳಿಯಲಿಲ್ಲ. ಜನರ ನಿತ್ಯದ ಕಷ್ಟಸುಖಗಳಲ್ಲಿ ಬೆರೆಯದವರು ಅವರ ಮನಸ್ಸನ್ನು ಗೆಲ್ಲಲಾರರೆಂಬ ಪಾಠವನ್ನು ಆ ಸೋಲಿನಿಂದ ಕಲಿತಳು.

ಇತರ ಸುಧಾರಣೆಗಳು ಕ್ರಮೇಣ ಕೈಗೂಡಿದವು. ತಪ್ಪು ಮಾಡಿದ ಮಕ್ಕಳನ್ನು ದೊಡ್ಡ ಅಪರಾಧಿಗಳ ಜೊತೆ ಸೆರೆಮನೆಗೆ ತಳ್ಳದೆ ತಿದ್ದುವುದಕ್ಕಾಗಿ 1899ರಲ್ಲಿ ಚಿಕಾಗೋ ನಗರದಲ್ಲಿ ಬಾಲನ್ಯಾಯಾಲಯ ಸ್ಥಾಪಿತವಾಯಿತು. ಅಮೆರಿಕದಲ್ಲಿ ಅದೇ ಮೊದಲನೆಯದು. ಅದರ ಹಿಂದೆ ಹಲ್ ಹೌಸಿನವರ ದುಡಿಮೆಯಿತ್ತು. ತನ್ನ ಬೀದಿಯ ಕಸದ ಬಗೆಗೆ ದೂರು ಕೊಡುವ ಹೆಂಗಸಿಗೆ ನಗರಸಭೆಗೆ ಮತ ನೀಡುವ ಹಕ್ಕೂ ಇರಬೇಕೆಂದು ಜೇನ್ ವಾದಿಸಿದಳು. 1913ರಲ್ಲಿ ಇಲಿನಾಯ್ ರಾಜ್ಯದ ಸ್ತ್ರೀಯರಿಗೆ ಆ ಹಕ್ಕು ದೊರೆಯಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜೇನ್ ಶಾಂತಿಯ ಪಕ್ಷವನ್ನು ಹಿಡಿದಳು. 1915ರಲ್ಲಿ ಹೇಗ್ ನಗರದಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಳು. ಯುದ್ಧಜ್ವರ ಏರಿದ್ದ ದೇಶದಲ್ಲಿ ಅವಳಿಗೆ ದೇಶದ್ರೋಹಿಯೆಂಬ ನಿಂದೆಯೂ ಬಂದಿತು. ನಿಂದೆಗೆ ಅಂಜದೆ ಆಕೆ ತನ್ನ ನಿಲುವಿನಲ್ಲಿ ಅಚಲಳಾಗಿದ್ದಳು. 1931ರಲ್ಲಿ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಆ ಗೌರವಕ್ಕೆ ಪಾತ್ರಳಾದ ಮೊದಲ ಅಮೆರಿಕನ್ ಮಹಿಳೆ ಆಕೆಯೇ.

1935ರ ಮೇ 21ರಂದು ಜೇನ್ ಆಡಮ್ಸ್ ಚಿಕಾಗೋ ನಗರದಲ್ಲಿ ಕೊನೆಯುಸಿರೆಳೆದಳು. ಸಾವಿರಾರು ಜನ ಹಲ್ ಹೌಸಿಗೆ ಬಂದು ಅಂತಿಮ ದರ್ಶನ ಪಡೆದರು. ಹುಟ್ಟೂರಾದ ಸೀಡರ್‌ವಿಲ್‌ನಲ್ಲಿ ಅವಳ ಸಮಾಧಿಯಾಯಿತು. ಹಲ್ ಹೌಸಿನ ಹೆಚ್ಚಿನ ಕಟ್ಟಡಗಳನ್ನು ವಿಶ್ವವಿದ್ಯಾನಿಲಯವೊಂದಕ್ಕಾಗಿ 1960ರ ದಶಕದಲ್ಲಿ ಕೆಡವಿದರು. ಆಕೆ ಮೊದಲು ನೆಲೆಸಿದ ಹಳೆಯ ಮನೆ ವಸ್ತುಸಂಗ್ರಹಾಲಯವಾಗಿ ಉಳಿಯಿತು.

ಜೇನ್ ಆಡಮ್ಸ್ ಕೈಗೊಂಡ ಕಾರ್ಯಗಳಲ್ಲಿ ಯಾವುದೂ ಆಕೆಯೊಬ್ಬಳಿಂದ ನೆರವೇರಿದುದಲ್ಲ. ಮನೆಗೆಲಸ ಮುಗಿಸಿ ಓಣಿ ಸುತ್ತಿದ ಬಡ ಹೆಂಗಸರು, ಸಂಜೆ ಸಭೆಗೆ ಬಂದ ಕಾರ್ಮಿಕರು, ಮಾಹಿತಿ ಬರೆದಿಟ್ಟ ಸಂಗಡಿಗರು ಎಲ್ಲರೂ ಅದರಲ್ಲಿ ಪಾಲುಗಾರರು. ಕಣ್ಣಿಗೆ ಬಿದ್ದ ಅನ್ಯಾಯವನ್ನು ಎಣಿಸಿ ಬರೆಯುವುದು, ನೆರೆಯವರೊಡನೆ ಕೂಡಿ ಕೇಳುವುದು, ಸೋತರೆ ಮತ್ತೆ ಕೇಳುವುದು, ಕಾನೂನು ಬಂದ ಮೇಲೂ ಅದು ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು: ಪ್ರಜೆಗಳ ಕರ್ತವ್ಯ ಇಂಥದೆಂಬುದನ್ನು ಆಕೆ ಬಾಳಿ ತೋರಿಸಿದಳು.