ಮಂಗಳೂರಿನ ಕಮಲಾದೇವಿ

ಮಕ್ಕಳೇ, ನಿಮ್ಮ ಮನೆ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಯೋ ಬಿದರಿಯ ಹೂಜಿಯೋ ಇದೆಯಾ? ಇಂಥ ಕೈಕೆಲಸ ಮಾಡುವವರ ಪರವಾಗಿ ಬಾಳಿಡೀ ಓಡಾಡಿದವರು ಕಮಲಾದೇವಿ ಚಟ್ಟೋಪಾಧ್ಯಾಯ.

ಹೆಸರು ಬಂಗಾಳಿ ಥರ ಇದೆಯಲ್ಲ ಅಂತೀರಾ? ಅದು ಗಂಡನ ಮನೆಯ ಹೆಸರು. ಹುಟ್ಟಿದ್ದು 1903ರಲ್ಲಿ, ನಮ್ಮ ಮಂಗಳೂರಿನಲ್ಲೇ. ಏಳನೇ ವಯಸ್ಸಿಗೆ ತಂದೆ ಹೋದರು. ಆಸ್ತಿಯೆಲ್ಲ ಮಲಅಣ್ಣನ ಪಾಲಾಯಿತು. ಆಗಿನ ಕಾನೂನು ಹಾಗಿತ್ತು. ಹದಿಹರೆಯದಲ್ಲಿ ಮದುವೆ, ಎರಡೇ ವರ್ಷಕ್ಕೆ ವಿಧವೆ. ಆದರೂ ಓದು ಬಿಡಲಿಲ್ಲ. ಆಮೇಲೆ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ಆ ಕಾಲದಲ್ಲಿ ವಿಧವೆ ಮತ್ತೆ ಮದುವೆಯಾಗೋದು ಅಂದ್ರೆ ಸಣ್ಣ ಮಾತಲ್ಲ.

1926ರಲ್ಲಿ ಮದ್ರಾಸ್ ವಿಧಾನ ಪರಿಷತ್ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಉಪ್ಪಿನ ಪೊಟ್ಟಣ ಮಾರಲು ಬಾಂಬೆ ಷೇರುಪೇಟೆಯೊಳಗೇ ಹೋದರು! ಜೈಲೂ ಕಂಡರು. 1931ರಲ್ಲಿ ಮೃಚ್ಛಕಟಿಕ ಅನ್ನೋ ಮೂಕಿಚಿತ್ರದಲ್ಲಿ ನಟಿಸಿದ್ದೂ ಉಂಟು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಫರೀದಾಬಾದ್ ಕೆಲಸ. ದೇಶ ಇಬ್ಭಾಗವಾದಾಗ ವಾಯವ್ಯ ಗಡಿ ಪ್ರಾಂತ್ಯದಿಂದ ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ದೆಹಲಿ ಕಡೆಗೆ ಓಡಿಬಂದರು. ಸಹಕಾರ ಸಂಘ ಕಟ್ಟಿ ಅವರಿಗೊಂದು ಊರು ಮಾಡೋಣ ಅಂತ ಕಮಲಾದೇವಿ ಹೊರಟರು. ಗಾಂಧೀಜಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಸರ್ಕಾರದ ಹತ್ತಿರ ಕೈಚಾಚಬಾರದು. ಗುಡಾರದಲ್ಲಿದ್ದ ನಿರಾಶ್ರಿತರು ಕಟ್ಟಡ ಕೆಲಸ ಕಲಿತು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ನೋಡಿ, ಇಲ್ಲಿ ದಾನ ತೆಗೆದುಕೊಳ್ಳುವವರು ಅಂತ ಯಾರೂ ಇರಲಿಲ್ಲ, ಎಲ್ಲರೂ ಕೆಲಸದವರೇ.

1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾಗಿ ಹಳ್ಳಿಹಳ್ಳಿ ಸುತ್ತಿದರು. ಶ್ರೀಕಾಳಹಸ್ತಿಯ ಕಲಂಕಾರಿ ಇನ್ನೇನು ಮರೆತೇಹೋಗುತ್ತೆ ಅನ್ನೋ ಹೊತ್ತಿಗೆ ಅಲ್ಲಿ ತರಬೇತಿ ಶುರುವಾಗಿದ್ದು ಇವರ ಪ್ರಯತ್ನದಿಂದ.

1966ರಲ್ಲಿ ಫಿಲಿಪೀನ್ಸ್ ದೇಶದ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಸಮುದಾಯ ನಾಯಕತ್ವದ ವಿಭಾಗದಲ್ಲಿ. 1987ರಲ್ಲಿ ಪದ್ಮವಿಭೂಷಣ, ಮರುವರ್ಷ ತೀರಿಕೊಂಡರು.

ಮ್ಯಾಗ್ಸೆಸೆ ಬರುವ ಹಿಂದಿನ ವರ್ಷ, 1965ರಲ್ಲಿ, ಕುಶಲಕರ್ಮಿಗಳಿಗೇ ಅಂತ ರಾಷ್ಟ್ರಪ್ರಶಸ್ತಿ ಶುರುವಾಗಿತ್ತು. ಅದರ ಹಿಂದೆ ಇದ್ದವರೂ ಕಮಲಾದೇವಿಯೇ. ಯಾರೂ ಹೆಸರು ಕೇಳದ ನೇಕಾರರು, ಮರ ಕೆತ್ತುವವರು, ಕುಂಬಾರರು ತಮ್ಮ ಹೆಸರಿನಲ್ಲೇ ಪ್ರಶಸ್ತಿ ತೆಗೆದುಕೊಳ್ಳೋ ಹಾಗಾಯಿತು. ಆ ಪ್ರಶಸ್ತಿ ಈಗಲೂ ಕೊಡ್ತಾರೆ.