ಆಟ ಲಿಜ್ಜಿಯದು, ಹೆಸರು ಬೇರೆಯವರದು

ಬೇಸಿಗೆ ರಜೆಯಲ್ಲಿ ನಾವೆಲ್ಲ ಆಡಿದ ‘ಬಿಸಿನೆಸ್’ ಆಟ ಅಮೆರಿಕದ ಮೊನೊಪಲಿಯ ಮರಿ. ಆ ಮೊನೊಪಲಿಯ ಬೇರು ಯಾರದು ಗೊತ್ತಾ? 1866ರಲ್ಲಿ ಇಲಿನಾಯ್ಸ್‌ನಲ್ಲಿ ಹುಟ್ಟಿದ ಲಿಜ್ಜಿ ಮ್ಯಾಗಿ ಅವರದು. ಸ್ಟೆನೋಗ್ರಾಫರ್ ಆಗಿದ್ದ ಅವರಿಗೆ, ಜಮೀನಿನ ಒಡೆಯರು ಬರೀ ಬಾಡಿಗೆಯಿಂದ ಹೇಗೆ ಶ್ರೀಮಂತರಾಗ್ತಾರೆ ಅಂತ ಜನಕ್ಕೆ ತೋರಿಸೋ ಆಸೆ. ಅದಕ್ಕೇ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ರೂಪಿಸಿ 1904ರಲ್ಲಿ ಪೇಟೆಂಟ್ ಪಡೆದರು.

ಆಟ ಕೈಯಿಂದ ಕೈಗೆ ದಾಟಿತು. ಜನ ಮನೆಯಲ್ಲೇ ಬೋರ್ಡ್ ಬರೆದುಕೊಂಡರು, ನಿಯಮ ಬದಲಿಸಿದರು. ಅಟ್ಲಾಂಟಿಕ್ ಸಿಟಿಯವರು ತಮ್ಮೂರಿನ ಬೀದಿಗಳ ಹೆಸರಿಟ್ಟರು. ಮೊದಲ ಪೇಟೆಂಟಿನ ಅವಧಿ ಮುಗಿದ ಮೇಲೆ, 1924ರಲ್ಲಿ ಲಿಜ್ಜಿ ಇನ್ನೊಂದು ಪಡೆದರು. ಆದರೆ ಪರಿಚಯದವರಿಂದ ಆಟ ಕಲಿತ ಚಾರ್ಲ್ಸ್ ಡ್ಯಾರೋ, 1935ರಲ್ಲಿ ಅದನ್ನು ತನ್ನದೇ ಅಂತ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ, ರಾಯಲ್ಟಿಯಿಂದ ಶ್ರೀಮಂತನಾದ. ಅದೇ ವರ್ಷ ಕಂಪನಿ ಲಿಜ್ಜಿಯವರ ಪೇಟೆಂಟನ್ನೂ ಕೊಂಡಿತು. ಸಿಕ್ಕಿದ್ದು 500 ಡಾಲರ್, ರಾಯಲ್ಟಿ ಇಲ್ಲ. 1948ರಲ್ಲಿ ಅವರು ತೀರಿಕೊಂಡರು. ಅವರ ಪಾತ್ರ ಮತ್ತೆ ಬೆಳಕಿಗೆ ಬಂದದ್ದು 1970ರ ದಶಕದ ಕೋರ್ಟ್ ಕೇಸೊಂದರಿಂದ.

ಗೆಳೆಯರ ಜೊತೆ ವಿಡಿಯೋ ಗೇಮ್ ಮಾಡ್ತಿದ್ದೀರಾ? ಐಡಿಯಾ, ಕೋಡ್, ಚಿತ್ರ, ಸಂಗೀತ ಯಾರ್ಯಾರದು, ದುಡ್ಡು ಬಂದರೆ ಪಾಲೆಷ್ಟು ಅಂತ ಮೊದಲೇ ಬರೆದು ಎಲ್ಲರೂ ಸಹಿ ಹಾಕಿ. ಗೆಳೆತನ ಚೆನ್ನಾಗಿರುವಾಗಲೇ ಲೆಕ್ಕವೂ ಆಗಿಬಿಡಲಿ.