ರಾಬರ್ಟ್ ಬಾಷ್

ಏರುರಸ್ತೆಯಲ್ಲಿ ಭಾರ ಹೊತ್ತು ಸಾಗುವ ಲಾರಿಯನ್ನೂ, ಹೊಲವನ್ನು ಉಳುವ ಟ್ರಾಕ್ಟರನ್ನೂ, ಬಾವಿಯಿಂದ ನೀರೆತ್ತುವ ಡೀಸಲ್ ಪಂಪುಸೆಟ್ಟನ್ನೂ ನಾವೆಲ್ಲರೂ ನೋಡಿದ್ದೇವೆ. ಅವುಗಳ ಆರ್ಭಟ ದೂರದಿಂದಲೇ ಕೇಳಿಸುತ್ತದೆ. ಆದರೆ ಆ ಆರ್ಭಟದ ಹಿಂದೆ, ಬೆರಳಿಗಿಂತ ದಪ್ಪವಿಲ್ಲದ ಉಕ್ಕಿನ ಕಡ್ಡಿಯೊಂದು ತನ್ನ ಕೊಳವೆಯೊಳಗೆ ಮೇಲಕ್ಕೂ ಕೆಳಕ್ಕೂ ಆಡುತ್ತಾ, ತೊಟ್ಟಿಗಿಂತ ಕಡಿಮೆ ಎಣ್ಣೆಯನ್ನು ಅಳೆದು ಎಂಜಿನ್ನಿಗೆ ಉಣಿಸುತ್ತಿರುವುದನ್ನು ಬಲ್ಲವರು ವಿರಳ. ಈ ಪುಟ್ಟ ಸಾಧನವನ್ನು ಸಾವಿರಗಟ್ಟಲೆ ತಯಾರಿಸಿ, ಒಂದೊಂದನ್ನೂ ನಂಬಿಕೆಗೆ ಯೋಗ್ಯವಾಗಿಸಿದ ಕೀರ್ತಿ ಜರ್ಮನಿಯ ರಾಬರ್ಟ್ ಬಾಷನಿಗೂ ಅವನ ಸಹೋದ್ಯೋಗಿಗಳಿಗೂ ಸಲ್ಲುತ್ತದೆ. ನಮ್ಮ ಬೆಂಗಳೂರಿಗೂ ಚಿರಪರಿಚಿತವಾದ ಈ ಹೆಸರಿನ ಹಿಂದಿರುವ ಬಾಳು ತಿಳಿಯತಕ್ಕದ್ದಾಗಿದೆ.

ರಾಬರ್ಟ್ ಬಾಷ್ 1861ನೆಯ ಇಸವಿ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ಹನ್ನೆರಡು ಮಕ್ಕಳಲ್ಲಿ ಅವನು ಹನ್ನೊಂದನೆಯವನು. ತಂದೆ ಸೆರ್ವಾಟಿಯಸ್ ಬಾಷ್ ಕೃಷಿಕ. ಜೊತೆಗೆ ದಾರಿಹೋಕರು ತಂಗುವ ಛತ್ರವೊಂದನ್ನೂ ನಡೆಸುತ್ತಿದ್ದನು. ಓದುವ ಹವ್ಯಾಸವಿದ್ದ ಆ ತಂದೆಯಿಂದ ಮಗನಿಗೆ ಸ್ವತಂತ್ರವಾಗಿ ಯೋಚಿಸುವ ಗುಣ ಬಂದಿತು. ಶಾಲೆಯಲ್ಲಿ ರಾಬರ್ಟ್ ಹೇಳಿಕೊಳ್ಳುವಂತಹ ಜಾಣನೇನೂ ಆಗಿರಲಿಲ್ಲ. ಶಾಲೆ ಮುಗಿಸಿದ ಮೇಲೆ ಉಲ್ಮ್ ನಗರದ ಕಾರ್ಯಾಗಾರವೊಂದರಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿಯಲು ಸೇರಿದನು. ಅಲ್ಲಿ ಕಲಿಸುವವರಿಗಿಂತ ಬೇಸರಪಡಿಸುವವರೇ ಹೆಚ್ಚಾಗಿದ್ದರು. ಕಲಿಯಲು ಬಂದವನಿಗೆ ಒಡೆಯನಾದವನು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಅಂದೇ ಅವನ ಮನಸ್ಸಿನಲ್ಲಿ ಬೇರೂರಿತು. ಮುಂದೆ ತಾನೇ ಒಡೆಯನಾದಾಗ, ತನ್ನ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ ಪ್ರತ್ಯೇಕ ತರಬೇತಿ ವಿಭಾಗವನ್ನೇ ಸ್ಥಾಪಿಸಿದನು.

ಕಲಿಕೆ ಮುಗಿದ ಬಳಿಕ ಹಲವು ಊರುಗಳಲ್ಲಿ ದುಡಿದು, 1884ರಲ್ಲಿ ಅಮೆರಿಕೆಗೆ ಹಡಗು ಹತ್ತಿದನು. ನ್ಯೂಯಾರ್ಕಿನಲ್ಲಿ ಎಡಿಸನ್ನನ ಕಾರ್ಖಾನೆಯಲ್ಲಿ ಕೆಲಸ ಮಾಡಿದನು. ಮರಳುವಾಗ ಇಂಗ್ಲೆಂಡಿನ ಸೀಮೆನ್ಸ್ ಕಾರ್ಖಾನೆಯಲ್ಲಿಯೂ ದುಡಿದನು. 1886ರ ನವೆಂಬರ್ 15ರಂದು ಸ್ಟಟ್‌ಗಾರ್ಟ್ ನಗರದಲ್ಲಿ, ಮನೆಯೊಂದರ ಹಿತ್ತಿಲ ಕಟ್ಟಡದಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಒಬ್ಬ ಕುಶಲ ಕೆಲಸಗಾರ, ಕರೆದ ಕೆಲಸಕ್ಕೆ ಓಡುವ ಒಬ್ಬ ಹುಡುಗ: ಇವರಿಬ್ಬರೇ ಅವನ ಪರಿವಾರ. ಟೆಲಿಫೋನ್ ಜೋಡಣೆ, ವಿದ್ಯುತ್ ಗಂಟೆಗಳ ದುರಸ್ತಿ ಮುಂತಾಗಿ ಸಿಕ್ಕಿದ ಕೆಲಸವನ್ನೆಲ್ಲ ಮಾಡುತ್ತಿದ್ದನು. ಆದಾಯಕ್ಕಿಂತ ಸಾಲವೇ ಹೆಚ್ಚಾದ ವರ್ಷಗಳೂ ಬಂದವು. ಆದರೂ ಕೆಟ್ಟ ಕೆಲಸವನ್ನು ಗಿರಾಕಿಗೆ ಒಪ್ಪಿಸಲು ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಹಣ ಹೋದರೆ ಮತ್ತೆ ಸಂಪಾದಿಸಬಹುದು, ಗಿರಾಕಿಯ ನಂಬಿಕೆ ಹೋದರೆ ಅದು ಮರಳಿ ಬಾರದು ಎಂಬುದು ಅವನ ದೃಢವಾದ ನಿಲುವಾಗಿತ್ತು.

ಬಾಷನ ಭಾಗ್ಯದ ಬಾಗಿಲನ್ನು ತೆರೆದದ್ದು ಒಂದು ಕಿಡಿ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನದ ಆವಿಯೂ ಗಾಳಿಯೂ ಬೆರೆತಿರುತ್ತವೆ. ತಕ್ಕ ಕ್ಷಣದಲ್ಲಿ ಕಿಡಿ ಹಾರಿದರೆ ಆ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಆ ಕಿಡಿಯನ್ನು ಕೊಡುವ ಮ್ಯಾಗ್ನೆಟೊ ಎಂಬ ಸಾಧನವನ್ನು 1887ರಲ್ಲಿ ಗಿರಾಕಿಯೊಬ್ಬನ ಕೋರಿಕೆಯ ಮೇಲೆ ಬಾಷ್ ತಯಾರಿಸಿದನು. ಅದನ್ನು ಹೊಸದಾಗಿ ಕಂಡುಹಿಡಿದವನು ಅವನಲ್ಲ. ಇದ್ದುದನ್ನು ತಿದ್ದಿ ಉತ್ತಮಪಡಿಸಿದವನು. ಹತ್ತು ವರ್ಷಗಳ ಅನಂತರ, 1897ರಲ್ಲಿ, ವೇಗವಾಗಿ ತಿರುಗುವ ಎಂಜಿನ್ನಿದ್ದ ಮೂರು ಗಾಲಿಯ ಬಂಡಿಗೆ ಅದನ್ನು ಹೊಂದಿಸಿದ್ದಾಯಿತು. ಬಾಷನ ಬಳಿ ಹಿಂದೆ ಹುಡುಗನಾಗಿ ಕೆಲಸ ಕಲಿತು, ಉನ್ನತ ವ್ಯಾಸಂಗ ಮಾಡಿ ಹಿಂದಿರುಗಿದ್ದ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರನು 1902ರಲ್ಲಿ ಅಧಿಕ ಒತ್ತಡದ ವಿದ್ಯುತ್ತನ್ನು ಕೊಡುವ ಮ್ಯಾಗ್ನೆಟೊವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದನು. ಮೋಟಾರು ವಾಹನಗಳ ಯುಗ ಆರಂಭವಾಗಿತ್ತು. ಬಾಷನ ಹೆಸರು ದೇಶದೇಶಗಳಿಗೆ ಹಬ್ಬಿತು. 1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೊ ಹೊರಬಂದಿತು. ಅದೇ ವರ್ಷ ತನ್ನ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆ ಸಾಕೆಂದು ಬಾಷ್ ನಿಯಮ ಮಾಡಿದನು. ದಣಿದ ಕೈಯಿಂದ ನಿಖರವಾದ ಕೆಲಸ ನಡೆಯದೆಂಬುದನ್ನು ಅವನು ಅರಿತಿದ್ದನು.

ಏರಿದ ಬಾಳಿಗೆ ಇಳಿತವೂ ಬಂದಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಹೊರದೇಶಗಳ ವ್ಯಾಪಾರ ನಿಂತುಹೋಯಿತು. ಅಮೆರಿಕೆಯಲ್ಲಿದ್ದ ಅವನ ಕಾರ್ಖಾನೆಯನ್ನು ಅಲ್ಲಿನ ಸರ್ಕಾರ ವಶಪಡಿಸಿಕೊಂಡಿತು. ಯುದ್ಧದಿಂದ ಬಂದ ಲಾಭವನ್ನು ತನ್ನದೆಂದು ಇಟ್ಟುಕೊಳ್ಳಲು ಅವನ ಮನಸ್ಸು ಒಪ್ಪದೆ, ದೊಡ್ಡ ಮೊತ್ತವನ್ನು ಲೋಕೋಪಯೋಗಿ ಕಾರ್ಯಗಳಿಗೆ ದಾನ ಮಾಡಿದನು. 1921ರಲ್ಲಿ, ಉತ್ತರಾಧಿಕಾರಿಯಾಗಬೇಕಾಗಿದ್ದ ಮಗ ದೀರ್ಘಕಾಲದ ಕಾಯಿಲೆಯಿಂದ ನರಳಿ ತೀರಿಕೊಂಡನು. ಆಗ ಬಾಷನಿಗೆ ಅರವತ್ತು ವರ್ಷ ಸಮೀಪಿಸಿತ್ತು. ಸಾಕಷ್ಟು ಸಂಪತ್ತಿತ್ತು, ಇನ್ನು ವಿಶ್ರಾಂತಿ ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಂತಹ ಸಮಯದಲ್ಲಿಯೇ ಅವನು ತನ್ನ ಬಾಳಿನ ಅತ್ಯಂತ ದಿಟ್ಟವಾದ ನಿರ್ಧಾರವನ್ನು ಕೈಗೊಂಡನು.

ಆ ನಿರ್ಧಾರದ ಮಹತ್ತ್ವವನ್ನು ತಿಳಿಯಲು ಡೀಸಲ್ ಎಂಜಿನ್ನಿನ ಸ್ವರೂಪವನ್ನು ತಿಳಿಯಬೇಕು. 1897ರಲ್ಲಿ ರುಡಾಲ್ಫ್ ಡೀಸಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಎಂಜಿನ್ನಿಗೆ ಕಿಡಿಯೇ ಬೇಕಿಲ್ಲ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಸೆಳೆದು, ಹದಿನೈದು ಪಾಲಿನಲ್ಲಿ ಒಂದು ಪಾಲಿನಷ್ಟಾಗುವವರೆಗೆ ಅದನ್ನು ಅದುಮಿದರೆ, ಅದು ಐನೂರು ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಬಿಸಿಗಾಳಿಗೆ ಎಣ್ಣೆಯನ್ನು ಸಿಂಪಡಿಸಿದ ಕೂಡಲೇ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗಿಂತ ಇದಕ್ಕೆ ಇಂಧನ ಕಡಿಮೆ ಸಾಕು. ಆದರೆ ಅಷ್ಟು ಒತ್ತಡದ ಗಾಳಿಯೊಳಕ್ಕೆ ಎಣ್ಣೆಯನ್ನು ತೂರಿಸುವುದು ಹೇಗೆ? ಡೀಸಲ್ ಅದಕ್ಕಾಗಿ ಇನ್ನೂ ಹೆಚ್ಚು ಒತ್ತಡದ ಗಾಳಿಯ ಸಹಾಯವನ್ನು ಪಡೆದನು. ಆ ಗಾಳಿಯನ್ನು ಒದಗಿಸುವ ಯಂತ್ರವು ತೀರ ಭಾರವಾಗಿದ್ದುದರಿಂದ, ಡೀಸಲ್ ಎಂಜಿನ್ನು ಕಾರ್ಖಾನೆಗಳಲ್ಲಿಯೂ ಹಡಗುಗಳಲ್ಲಿಯೂ ನೆಲೆಸಿತೇ ಹೊರತು ರಸ್ತೆಗೆ ಇಳಿಯಲಾರದೆ ಹೋಯಿತು. 1913ರಲ್ಲಿ ಡೀಸಲ್ ಸಮುದ್ರದಲ್ಲಿ ಮರಣಹೊಂದಿದಾಗ ಈ ಕೊರತೆ ಇನ್ನೂ ನೀಗಿರಲಿಲ್ಲ. ಗಾಳಿಯ ನೆರವಿಲ್ಲದೆ, ಎಣ್ಣೆಯನ್ನೇ ನೇರವಾಗಿ ಒತ್ತಿ ಒಳಗೆ ಸಿಂಪಡಿಸಬಲ್ಲ ಪುಟ್ಟ ಪಂಪಿಗಾಗಿ ಹಲವು ಎಂಜಿನಿಯರುಗಳು ಶ್ರಮಿಸುತ್ತಿದ್ದರು.

1922ರ ಕೊನೆಯಲ್ಲಿ ಬಾಷ್ ಈ ಕೆಲಸಕ್ಕೆ ಕೈಹಾಕಲು ತೀರ್ಮಾನಿಸಿದನು. ಇದರಲ್ಲಿದ್ದ ವಿಚಿತ್ರವನ್ನು ಗಮನಿಸಬೇಕು. ಅವನ ಸಂಪತ್ತೆಲ್ಲವೂ ಕಿಡಿಯಿಂದ ಬಂದದ್ದು. ಈಗ ಅವನು ಕಿಡಿಯೇ ಬೇಡವಾದ ಎಂಜಿನ್ನನ್ನು ರಸ್ತೆಗೆ ತರಲು ಹೊರಟಿದ್ದನು. ಅದು ಗೆದ್ದರೆ ಲಾರಿಗಳಿಗೆ ಮ್ಯಾಗ್ನೆಟೊ ಬೇಕಾಗುವುದಿಲ್ಲ. ಸೋತರೆ ಸುರಿದ ಹಣ ಮರಳಿ ಬರುವುದಿಲ್ಲ. ಆದರೆ ಒಂದೇ ಸರಕನ್ನು ನಂಬಿದ ಉದ್ಯಮವು ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ ಎಂಬುದನ್ನು ಅವನು ಕಂಡುಕೊಂಡಿದ್ದನು. ಬರಲಿರುವ ಕಾಲವನ್ನು ತಡೆಯುವುದಕ್ಕಿಂತ ಅದಕ್ಕೆ ಅಣಿಯಾಗುವುದೇ ಲೇಸೆಂದು ಬಗೆದನು. ಎಂಜಿನ್ನುಗಳಿಗೆ ಕೀಲೆಣ್ಣೆಯನ್ನು ಅಳೆದು ಉಣಿಸುವ ಪಂಪುಗಳನ್ನು 1909ರಿಂದಲೇ ಅವನ ಕಾರ್ಖಾನೆ ತಯಾರಿಸುತ್ತಿತ್ತು. ಆ ಅನುಭವ ಆಧಾರವಾಗಿತ್ತು. ಆದರೆ ಕೆಲಸ ಆರಂಭವಾದ ಕೆಲವೇ ತಿಂಗಳಲ್ಲಿ, 1923ರ ಮಾರ್ಚಿನಲ್ಲಿ, ಬಲಗೈಯಂತಿದ್ದ ಹೊನೋಲ್ಡ್ ತೀರಿಕೊಂಡನು. ಬಾಷ್ ಹಿಂದೆಗೆಯಲಿಲ್ಲ.

ಕೆಲಸ ಎಷ್ಟು ಕಠಿಣವಾಗಿತ್ತೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ 1000 ಬಾರಿ ಎಣ್ಣೆಯನ್ನು ಸಿಂಪಡಿಸಬೇಕು. ಪ್ರತಿಯೊಂದು ಸಿಂಪಡಣೆಯೂ ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ ಮುಗಿಯಬೇಕು. ಲಾರಿ ನಿಂತಲ್ಲೇ ಎಂಜಿನ್ನು ಓಡುತ್ತಿದ್ದರೆ ಎರಡು ಮೂರು ಸಾಸಿವೆ ಕಾಳಿನಷ್ಟು ಎಣ್ಣೆ ಸಾಕು. ಭಾರವನ್ನು ಎಳೆಯುವಾಗ ಸುಮಾರು ಹೆಸರುಕಾಳಿನಷ್ಟು ಬೇಕು. ಎಲ್ಲ ಸಿಲಿಂಡರುಗಳಿಗೂ ಸಮಪಾಲು ಸಲ್ಲಬೇಕು. ಹೆಚ್ಚಾದರೆ ಕಪ್ಪು ಹೊಗೆ, ಕಡಿಮೆಯಾದರೆ ಬಲಹೀನತೆ, ಹೊತ್ತು ತಪ್ಪಿದರೆ ಹೊಡೆತ.

ಇದಕ್ಕೆ ದೊರೆತ ಪರಿಹಾರ ನೋಡಲು ಸರಳ. ಪಂಪಿನ ಕೊಳವೆಯ ಪಕ್ಕದಲ್ಲಿ ಎಣ್ಣೆ ಬರುವ ಒಂದು ರಂಧ್ರವಿದೆ. ಪ್ಲಂಜರ್ ಎಂಬ ಉಕ್ಕಿನ ಕಡ್ಡಿ ಮೇಲೇರುತ್ತಾ ಆ ರಂಧ್ರವನ್ನು ಮುಚ್ಚಿದೊಡನೆ ಎಣ್ಣೆಯ ಒತ್ತಡ ಏರಿ, ಅದು ನಾಜಲಿನ ಮೂಲಕ ಮಂಜಿನಂತೆ ಚಿಮ್ಮುತ್ತದೆ. ಕಡ್ಡಿಯ ಮೈಯಲ್ಲಿ ಸುತ್ತುಮೆಟ್ಟಿಲಿನಂತೆ ಓರೆಯಾಗಿ ಕೊರೆದ ಅಂಚೊಂದಿದೆ. ಆ ಅಂಚು ರಂಧ್ರವನ್ನು ಮತ್ತೆ ತೆರೆದ ಕ್ಷಣವೇ ಒತ್ತಡ ಇಳಿದು ಸಿಂಪಡಣೆ ನಿಲ್ಲುತ್ತದೆ. ಕಡ್ಡಿಯನ್ನು ತುಸು ತಿರುಗಿಸಿದರೆ ಅಂಚು ರಂಧ್ರವನ್ನು ಬೇಗನೆಯೋ ತಡವಾಗಿಯೋ ಸಂಧಿಸುತ್ತದೆ. ಎಣ್ಣೆಯ ಪ್ರಮಾಣ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಚಾಲಕನು ಕಾಲಿನಿಂದ ಒತ್ತುವ ಒತ್ತು ಕೊನೆಗೆ ಈ ತಿರುಗುವಿಕೆಯಾಗಿ ಪರಿಣಮಿಸುತ್ತದೆ.

ಉಪಾಯ ಸರಳವಾದರೂ ತಯಾರಿಕೆ ಸರಳವಲ್ಲ. ಕಡ್ಡಿಗೂ ಕೊಳವೆಗೂ ನಡುವೆ ಎಣ್ಣೆ ಸೋರದಂತೆ ತಡೆಯುವ ಬೇರೆ ಯಾವ ಬಿಗಿಪಟ್ಟಿಯೂ ಇಲ್ಲ. ಎರಡರ ಹೊಂದಿಕೆಯೇ ತಡೆ. ಅವುಗಳ ನಡುವಣ ಎಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟು. ಎಡೆ ಹೆಚ್ಚಿದರೆ ಒತ್ತಡ ನಿಲ್ಲದು. ಕಡಿಮೆಯಾದರೆ ಕಡ್ಡಿ ಕಚ್ಚಿಕೊಳ್ಳುವುದು. ಹಿಡಿದ ಕೈಯ ಬಿಸಿಯೇ ಅಳತೆಯನ್ನು ವ್ಯತ್ಯಾಸಗೊಳಿಸಬಲ್ಲದು. ಆದುದರಿಂದ ಒಂದೊಂದು ಕಡ್ಡಿಯನ್ನೂ ಅದರದೇ ಕೊಳವೆಗೆ ಉಜ್ಜಿ ಹೊಂದಿಸಬೇಕು. ಒಂದರ ಜೊತೆಯನ್ನು ಇನ್ನೊಂದಕ್ಕೆ ಬದಲಿಸುವಂತಿಲ್ಲ. ಇಂತಹದನ್ನು ಒಂದೆರಡು ಮಾಡಿ ತೋರಿಸುವುದು ಜಾಣ್ಮೆ. ಸಾವಿರಾರು ಮಾಡಿ, ಧೂಳಿನ ರಸ್ತೆಗಳಲ್ಲಿ ವರ್ಷಗಟ್ಟಲೆ ದುಡಿಯುವಂತೆ ಮಾಡುವುದು ತಪಸ್ಸು. 1923ರಲ್ಲಿ ಸುಮಾರು ಹನ್ನೆರಡು ಬಗೆಯ ಪಂಪುಗಳ ಪರೀಕ್ಷೆ ನಡೆಯಿತು. 1925ರ ಬೇಸಗೆಯಲ್ಲಿ ವಿನ್ಯಾಸ ಸ್ಥಿರಗೊಂಡಿತು. ಅಷ್ಟರಲ್ಲಿ ಜರ್ಮನಿಯ ಮೋಟಾರು ಉದ್ಯಮವೇ ಕುಸಿದು, ಬಾಷನ ಕಾರ್ಖಾನೆಯಲ್ಲಿಯೂ ಬಹು ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಯಿತು. ಆ ಕಷ್ಟದ ನಡುವೆಯೂ ಪಂಪಿನ ಕೆಲಸ ನಿಲ್ಲಲಿಲ್ಲ. 1927ರ ನವೆಂಬರಿನಲ್ಲಿ ಮೊದಲ ಸಾವಿರ ಪಂಪುಗಳು ಸಿದ್ಧವಾದವು. 1934ರ ವೇಳೆಗೆ ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮುಟ್ಟಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯ ಡೀಸಲ್ ಕಾರೂ ಈ ಪಂಪಿನಿಂದಲೇ ಓಡಿತು. ಡೀಸಲ್ ಕಂಡ ಕನಸು ರಸ್ತೆಗೆ ಇಳಿದದ್ದು ಹೀಗೆ.

ಬಾಷನ ನಡೆನುಡಿಗಳಲ್ಲಿಯೂ ಇದೇ ಕಟ್ಟುನಿಟ್ಟು ಇತ್ತು. ನೆಲದ ಮೇಲೆ ಬಿದ್ದಿದ್ದ ಕಾಗದದ ಕ್ಲಿಪ್ಪೊಂದನ್ನು ಎತ್ತಿ, ಇದೇನೆಂದು ಗುಮಾಸ್ತನನ್ನು ಕೇಳಿ, ಕ್ಲಿಪ್ಪೆಂಬ ಉತ್ತರ ಬಂದಾಗ, ಅಲ್ಲ, ಇದು ನನ್ನ ಹಣವೆಂದು ಎಚ್ಚರಿಸಿದನೆಂಬ ಕಥೆಯಿದೆ. ಕ್ಲಿಪ್ಪಿನಲ್ಲಿ ಉಳಿಸಿದವನು ದಾನದಲ್ಲಿ ಹಿಂಜರಿಯಲಿಲ್ಲ. 1910ರಲ್ಲಿ ಸ್ಟಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕುಗಳನ್ನು ಕೊಟ್ಟನು. 1940ರಲ್ಲಿ ಅದೇ ನಗರದಲ್ಲಿ ಆಸ್ಪತ್ರೆಯನ್ನು ತೆರೆದನು.

ಅವನ ಕೊನೆಯ ವರ್ಷಗಳು ಕತ್ತಲೆಯ ಕಾಲದಲ್ಲಿ ಕಳೆದವು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಬಾಷನು ಹಿಂಸೆಗೆ ಗುರಿಯಾದ ಯೆಹೂದ್ಯರಿಗೆ ನೆರವಾದನು; ಹಿಟ್ಲರನ ವಿರೋಧಿಯಾದ ಕಾರ್ಲ್ ಗೋರ್ಡೆಲರನನ್ನು ತನ್ನ ಸಂಸ್ಥೆಯ ಸಲಹೆಗಾರನನ್ನಾಗಿ ಇಟ್ಟುಕೊಂಡನು. ಆದರೆ ಅದೇ ಕಾಲದಲ್ಲಿ ಅವನ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನು ತಯಾರಿಸಿದವು; ಬಲವಂತದಿಂದ ಕರೆತಂದ ಜನರನ್ನು ಅಲ್ಲಿ ದುಡಿಸಿಕೊಳ್ಳಲಾಯಿತು. ಎಂಟು ಗಂಟೆಯ ದುಡಿಮೆಯನ್ನು ತಂದವನ ಕಾರ್ಖಾನೆಯಲ್ಲಿ ಇಂತಹದು ನಡೆದುದು ಅವನ ಕಥೆಯ ನೋವಿನ ಭಾಗ, ಅದನ್ನು ಮರೆಮಾಚುವಂತಿಲ್ಲ. 1942ರ ಮಾರ್ಚ್ 12ರಂದು ಬಾಷ್ ನಿಧನಹೊಂದಿದನು. ಅವನ ಇಚ್ಛೆಗೆ ಅನುಗುಣವಾಗಿ ಇಂದು ಸಂಸ್ಥೆಯ ಬಂಡವಾಳದ ಬಹುಪಾಲು ಲೋಕಹಿತಕ್ಕಾಗಿ ದುಡಿಯುವ ಪ್ರತಿಷ್ಠಾನದ ಒಡೆತನದಲ್ಲಿದೆ.

ಬಾಷ್ ತೀರಿಕೊಂಡ ಮೇಲೂ ಪಂಪಿನ ಸುಧಾರಣೆ ನಿಲ್ಲಲಿಲ್ಲ. 1951ರಲ್ಲಿ ಪೆಟ್ರೋಲ್ ಕಾರುಗಳಿಗೂ ಇಂಧನವನ್ನು ಸಿಂಪಡಿಸುವ ಪಂಪು ಬಂದಿತು. 1997ರಿಂದ ಕಾರುಗಳಲ್ಲಿ ಬಳಕೆಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಎಲ್ಲ ನಾಜಲುಗಳಿಗೂ ಒಂದೇ ಕೊಳವೆಯಿಂದ ಎಣ್ಣೆ ಹಂಚಿಕೆಯಾಗುತ್ತದೆ; ವಿದ್ಯುತ್ ಸಂಕೇತವೇ ನಾಜಲನ್ನು ತೆರೆದು ಮುಚ್ಚುತ್ತದೆ. ನಮ್ಮ ನಾಡಿಗೂ ಈ ವಿದ್ಯೆ ಬಂದಿತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಸ್ಥಾಪನೆಯಾಗಿ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳೂ ಡೀಸಲ್ ಪಂಪುಗಳೂ ತಯಾರಾದವು. ಜನ ಅದನ್ನು ಮೈಕೋ ಎಂದು ಕರೆದರು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಎಂದು ಬದಲಾದರೂ ಮೈಕೋ ಬಡಾವಣೆ ಆ ಹಳೆಯ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ತಲೆಗೂದಲಿನ ಇಪ್ಪತ್ತನೆಯ ಒಂದು ಭಾಗವನ್ನು ಅಳೆಯುವ ಶಿಸ್ತನ್ನು ನಮ್ಮ ನಾಡಿನ ಕೆಲಸಗಾರರೂ ಕೈಗೂಡಿಸಿಕೊಂಡರು.

ದೊಡ್ಡ ಯಂತ್ರದ ಬಲವು ಅದರ ಅತಿ ಚಿಕ್ಕ ಭಾಗದ ನಿಷ್ಠೆಯನ್ನು ಅವಲಂಬಿಸಿದೆ. ಆ ಚಿಕ್ಕ ಭಾಗವೋ, ಅದನ್ನು ರೂಪಿಸಿದ ಕೈಯ ಪ್ರಾಮಾಣಿಕತೆಯನ್ನು ಅವಲಂಬಿಸಿದೆ. ಕಣ್ಣಿಗೆ ಕಾಣದ ಕಡೆಯಲ್ಲಿಯೂ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಹಟ ರಾಬರ್ಟ್ ಬಾಷನ ಬಾಳಿನಿಂದ ನಾವು ಪಡೆಯಬಹುದಾದ ದೊಡ್ಡ ಸಂಪತ್ತು.